ತಿಥಿಯ ದಿನದ ಡಿನ್ನರ್

ಡಿನ್ನರ್ ಎಂದರೆ ರಾತ್ರಿಯ ಊಟ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಹೇಳಿಕೊಟ್ಟ ಇಂಗ್ಲಿಷ್ ಟೀಚರ್ ನಾನು. ಮಧ್ಯಾಹ್ನದ್ದು ಎಂದು ಬರೆದ ಮಕ್ಕಳ ಉತ್ತರಕ್ಕೆ ಕೆಂಪು ಗೀಟು ಎಳೆದಿದ್ದೇನೆ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ದಪ್ಪ ನಿಘಂಟೊಂದನ್ನು ಬಿಡಿಸಿ ಕೂತಾಗ ಗೊತ್ತಾಯಿತು, ಅದು ಹಳೆಯ ಫ್ರೆಂಚಿನಿಂದ ಬಂದ ಪದ. ಮೂಲದಲ್ಲಿ ಉಪವಾಸ ಮುರಿಯುವುದು ಎಂದು ಅರ್ಥ. ದಿನದ ಮೊದಲ ತುತ್ತು. ಆಮೇಲೆ ಅದು ದಿನದ ದೊಡ್ಡ ಊಟದ ಹೆಸರಾಯಿತು. ದೊಡ್ಡ ಮನುಷ್ಯರು ಆ ಊಟವನ್ನು ತಡ ಮಾಡುತ್ತಾ ಹೋದ ಹಾಗೆ ಹೆಸರೂ ಮಧ್ಯಾಹ್ನದಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಜಾರಿತು. ಆ ಮಕ್ಕಳ ಮಾರ್ಕು ಈಗ ಯಾರು ಕೊಡಬೇಕು? ನಾನಂತೂ ಪುಸ್ತಕ ಮುಚ್ಚಿ ಎದ್ದೆ.

ಆ ಪದದ ಮೂಲ ಅರ್ಥದ ಊಟ ನಮ್ಮಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ, ಅಪ್ಪನ ತಿಥಿಯ ದಿನ, ಮುಳ್ಳೇರಿಯ ಪೇಟೆಯಿಂದ ಸ್ವಲ್ಪ ಒಳಗೆ, ಈಗ ತಮ್ಮ ಇರುವ ನನ್ನ ತವರುಮನೆಯಲ್ಲಿ. ಭಟ್ಟರು ಬಂದು, ಕರ್ಮ ಮುಗಿದು, ಬ್ರಾಹ್ಮಣರ ಊಟವಾಗುವ ತನಕ ಅಡುಗೆ ಮಾಡುವವರು, ಮನೆಯ ಮಕ್ಕಳು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಪಾಯಸದ ಸಿಹಿ ಕೂಡ ಕಣ್ಣಂದಾಜು. ಅಡುಗೆ ಅಮ್ಮನದೇ, ಸೌಟನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ. ನಾನು ಮಾತ್ರ ಪ್ರತಿ ವರ್ಷ ಮುಳ್ಳೇರಿಯದಲ್ಲಿ ಬಸ್ಸಿಳಿದು, ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಚಾ ಕುಡಿದು, ಬಾಯಿ ಒರೆಸಿಕೊಂಡು ಆಟೋ ಹತ್ತುತ್ತಿದ್ದೆ. ಹಸಿವು ತಡೆಯುವವರ ಪೈಕಿ ನಾನಲ್ಲ. ಅದನ್ನು ಅಮ್ಮನೆದುರು ಹೇಳುವ ಧೈರ್ಯವೂ ನನಗಿರಲಿಲ್ಲ.

ಒಂದು ವರ್ಷ ಭಟ್ಟರಿಗೆ ಕಾರಡ್ಕದಲ್ಲಿ ಮೊದಲು ಇನ್ನೊಂದು ತಿಥಿ ಇತ್ತು. ಹನ್ನೊಂದಾಯಿತು, ಹನ್ನೆರಡಾಯಿತು, ಒಂದಾಯಿತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೇ ಮಾತ್ರೆ ನುಂಗಿದ್ದಾಳೆ, ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದಾರಲ್ಲ! ಮಾತ್ರೆ ಆಹಾರವಲ್ಲ, ಹಾಗಾಗಿ ನೇಮಕ್ಕೆ ಭಂಗವಿಲ್ಲ. ಅದರ ಹಿಂದೆ ಹೊಟ್ಟೆಗೆ ಹೋಗಬೇಕಾದದ್ದು ಹೋಗಿರಲಿಲ್ಲ. ಒಂದೂವರೆಯ ಹೊತ್ತಿಗೆ ಸೌಟು ಪಾತ್ರೆಯ ಅಂಚಿಗೆ ಟಕಟಕ ಬಡಿಯುವುದು ಕೇಳಿ ತಿರುಗಿ ನೋಡಿದೆ. ಅಮ್ಮನ ಕೈ ನಡುಗುತ್ತಿತ್ತು. ಹಣೆ, ಕುತ್ತಿಗೆ ಎಲ್ಲ ಬೆವರು.

“ಅಮ್ಮಾ, ಶುಗರ್ ಇಳಿದದ್ದು ಇದು. ಒಂದು ತುಂಡು ಬೆಲ್ಲ ಬಾಯಿಗೆ ಹಾಕು.”

“ನಿನಗೆ ಮರುಳುಂಟಾ? ಅವರಿಗೆ ಬಡಿಸುವ ಮೊದಲು ನಾನು ತಿನ್ನುವುದಾ?”

“ನೀನು ಇಲ್ಲಿ ಬಿದ್ದರೆ ಬಡಿಸುವುದು ಯಾರು?”

ತುಟಿ ಬಿಗಿದುಕೊಂಡಳು. ಬೆಲ್ಲ ಹಿಡಿದ ನನ್ನ ಕೈಯನ್ನು ತಳ್ಳಿದಳು. ನನಗೆ ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು; ಸತ್ತ ಅಪ್ಪನ ಮೇಲೂ ಬಂತು. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತಿತು. ಕಾಲು ತೊಳೆದು ಒಳಗೆ ಬಂದ ಭಟ್ಟರು ಅಮ್ಮನ ಮುಖ ನೋಡಿದರು.

“ಎಂತ ಅಮ್ಮಾ ಇದು! ತಿನ್ನಿ ಮೊದಲು. ದೋಷ ಉಂಟಾದರೆ ನನಗಿರಲಿ.”

ತಿಂದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಮೂರು ಗಂಟೆಗೆ ಎಲೆಯ ಮುಂದೆ ಕೂತವಳು ಅನ್ನ ಮುಟ್ಟದೆ ಅತ್ತಳು. ಮದುವೆಯಾಗಿ ಬಂದಂದಿನಿಂದ ಈ ಮನೆಯ ಯಾವ ತಿಥಿಯಲ್ಲೂ ತಪ್ಪದ ನೇಮ ಗಂಡನ ತಿಥಿಯಲ್ಲೇ ತಪ್ಪಿತಲ್ಲ ಎಂದು. ಸಮಾಧಾನ ಹೇಳಲು ಹೋದ ನನ್ನ ಹೊಟ್ಟೆಯಲ್ಲಿ ಬೆಳಗಿನ ಇಡ್ಲಿ ಇತ್ತು. ನನಗೆ ನಾಚಿಕೆಯಾಯಿತು.

ಮರುವರ್ಷ ಮುಳ್ಳೇರಿಯದ ಆ ಹೋಟೆಲಿನ ಮುಂದೆ ಸ್ವಲ್ಪ ಹೊತ್ತು ನಿಂತೆ, ಒಳಗೆ ಹೋಗಲಿಲ್ಲ. ಅವಳ ಜೊತೆ ಒಂದು ದಿನವಾದರೂ ಹಸಿದಿರೋಣ ಎಂದು. ಮನೆಗೆ ಬಂದರೆ ಅಮ್ಮ ಒಲೆಯ ಮುಂದೆ ಗಟ್ಟಿಯಾಗಿ ನಿಂತಿದ್ದಾಳೆ.

“ಡಾಕ್ಟರ ಹತ್ತಿರ ಕೇಳಿಯಾಯ್ತು. ತಿನ್ನದ ದಿನ ಆ ಮಾತ್ರೆಯೂ ಬೇಡ ಅಂದಿದ್ದಾರೆ,” ಎಂದಳು, ಕೇಸು ಗೆದ್ದವಳ ಹಾಗೆ.

ಹನ್ನೆರಡಕ್ಕೆ ತಲೆ ಸುತ್ತಿದ್ದು ನನಗೆ. ಗೋಡೆ ಹಿಡಿದದ್ದನ್ನು ಅವಳು ನೋಡಿಬಿಟ್ಟಳು.

“ಪೇಟೆಯಲ್ಲಿ ಇಡ್ಲಿ ತಿಂದು ಬರಲಿಲ್ವಾ?”

“ನಿನಗೆ ಹೇಗೆ ಗೊತ್ತು?” ಎಂದೆ.

“ವರ್ಷವೂ ತಿಂದೇ ಬರುವುದಲ್ವಾ ನೀನು? ನನಗೆ ಅದೊಂದು ಸಮಾಧಾನ ಇತ್ತು.”

“ಈ ಸಲ ತಿನ್ನಲಿಲ್ಲ.”

“ಎಂತ ಮಾರಾಯ್ತಿ ನೀನು!” ಬೈಯುತ್ತಲೇ ಪಾಯಸಕ್ಕೆಂದು ಇಟ್ಟ ಬೆಲ್ಲದಲ್ಲಿ ಒಂದು ತುಂಡು ಮುರಿದಳು. ಈಗ ತುಟಿ ಬಿಗಿಯುವ ಸರದಿ ನನ್ನದು. ಚಿಕ್ಕಂದಿನಲ್ಲಿ ಮದ್ದು ಕುಡಿಸುತ್ತಿದ್ದ ಹಾಗೆಯೇ ಗಲ್ಲ ಹಿಡಿದು ಬಾಯಿ ತೆರೆಸಿ ಒಳಗೆ ಹಾಕಿದಳು.

“ದೋಷ ನನಗಿರಲಿ,” ಎಂದಳು ಅಮ್ಮ. “ನುಂಗು.”