ಗೋಡೌನ್ ಕೆಂಪಣ್ಣನ ಸಿಟ್ಟು

ಯಾರ ಮನೆಗೆ ಹೋದರೂ ಕೆಂಪಣ್ಣ ಮೊದಲು ನುಗ್ಗುತ್ತಿದ್ದುದು ಅಡುಗೆಮನೆಗೆ. ಕೇಳುವುದಿಲ್ಲ, ಕೆಮ್ಮುವುದಿಲ್ಲ. ಕೈಗೆ ಸಿಕ್ಕ ಡಬ್ಬಿಯ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಕಾಳು ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು. ಆಮೇಲೆ ಬೈಗುಳ.

"ಇದ್ನ ಒಲೆ ಪಕ್ಕ ಮಡಗಿದ್ದೀರಿ. ಸೆಕೆಗೆ ಉಳ ಮರಿ ಆಕೈತೆ. ಕಣ್ಣಿಲ್ವಾ ನಿಮ್ಗೆ?"

ಮದ್ದೂರಿನ ನಮ್ಮ ಬೀದಿಯ ಹೆಂಗಸರು ಅವರು ಬರುವುದನ್ನು ಕಂಡರೆ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಒಮ್ಮೆ ಎದುರುಮನೆಯ ಗೃಹಪ್ರವೇಶದಲ್ಲಿ, ಬೀಗರು ಎಲೆ ಮುಂದೆ ಕೂತಿರುವಾಗ, ಕೆಂಪಣ್ಣ ಉಗ್ರಾಣದಿಂದ ಒಂದು ಹಿಡಿ ತೊಗರಿಬೇಳೆ ಹಿಡಿದುಕೊಂಡು ಬಂದು ಪಂಕ್ತಿಯ ನಡುವೆ ನಿಂತು, "ಇದ್ರಲ್ಲಾ ಸಾರು ಮಾಡಿರೋದು? ಉಳ ಎಣ್ಸಿ ನೋಡ್ರಿ!" ಎಂದು ಕೂಗಿದ್ದರು. ಆ ಮನೆಯವರು ಅವರ ಜೊತೆ ಮತ್ತೆ ಮಾತಾಡಲಿಲ್ಲ. ಕೆಂಪಣ್ಣನಿಗೆ ಅದರ ಚಿಂತೆಯೂ ಇರಲಿಲ್ಲ. ಸರ್ಕಾರಿ ದವಸದ ಗೋಡೌನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿ, ವಾಚ್‌ಮನ್ ಆಗಿ ನಿವೃತ್ತರಾದ ಮನುಷ್ಯ. ಹೆಂಡತಿ ಇರಲಿಲ್ಲ. ಮಗಳು ಮಳವಳ್ಳಿಯಲ್ಲಿ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಸಿಟ್ಟು ಬೆಳಗಿನ ಹಾಲಿಗಿಂತ ಮುಂಚೆ ನಮ್ಮನೆಗೆ ಬರುತ್ತಿತ್ತು.

ನನ್ನ ಅತ್ತೆ ನಿಂಗಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ನಾನು ಹಲಗೂರಿನ ಕಡೆಯ ಹೈಸ್ಕೂಲಿಗೆ ವಿಜ್ಞಾನ ಪಾಠ ಹೇಳಲು ಹೋದರೆ, ಗಂಡ ಮಹೇಶ ಮಂಡ್ಯದ ಕೆಲಸಕ್ಕೆ ಹೋದರೆ, ಇಡೀ ಹಗಲು ಅವರೊಬ್ಬರೇ. ಅದಕ್ಕೇ ಮಹೇಶ ನಾಲ್ಕು ಲವ್ ಬರ್ಡ್ ತಂದು ನಡುಮನೆಯಲ್ಲಿ ಪಂಜರ ಇಟ್ಟಿದ್ದ. ಅತ್ತೆ ಒಂದೇ ವಾರದಲ್ಲಿ ದನಿಯಿಂದಲೇ ನಾಲ್ಕನ್ನೂ ಗುರುತು ಹಿಡಿದರು. ಗೊಣಗಪ್ಪ, ಚಾಡಿಕೋರಿ, ಮುದ್ದ, ರಾಣಿ. ಬಿಸಿಲು ಕಿಟಕಿಗೆ ಬಂದಾಗ ರಾಣಿ ಕೂಗುತ್ತದೆ, ನಾನು ಗೇಟು ತೆಗೆದರೆ ಚಾಡಿಕೋರಿ ಕೂಗುತ್ತದೆ. ಅತ್ತೆಯ ಗಡಿಯಾರ, ಕಾಲಿಂಗ್ ಬೆಲ್ಲು, ನೆಂಟರು ಎಲ್ಲ ಆ ಪಂಜರದಲ್ಲೇ ಇದ್ದರು.

ಕಳೆದ ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ಚಿಟ್ಟೆಗಳು ಕಾಣಿಸಿಕೊಂಡವು. ಉಗುರಿನಷ್ಟು ಸಣ್ಣವು, ಬೂದುಬಣ್ಣ, ರೆಕ್ಕೆಯ ಅರ್ಧಕ್ಕೆ ತಾಮ್ರದ ಬಣ್ಣ. ಮೊದಲು ಒಂದೆರಡು, ಆಮೇಲೆ ಡಬ್ಬಿ ತೆಗೆದರೆ ಮುಖಕ್ಕೇ ಹಾರುವಷ್ಟು. ರಾಗಿ ಹಿಟ್ಟು ನೂಲು ಹಿಡಿದು ಗಂಟುಗಂಟಾಯಿತು. ಬಿಳಿ ಹುಳುಗಳು ಗೋಡೆ ಹತ್ತಿ ಸೂರಿನ ಮೂಲೆಯಲ್ಲಿ ಗೂಡು ಕಟ್ಟಿದವು. ಒಂದು ಬೆಳಿಗ್ಗೆ ಮಹೇಶನ ಉಪ್ಪಿಟ್ಟಿನಲ್ಲಿ ಒಂದು ಸಿಕ್ಕಿತು. ಅವನು ತಟ್ಟೆಯನ್ನು ದೂಡಿ ಎದ್ದುಹೋದ. ನನಗೆ ಸಿಟ್ಟು ನೆತ್ತಿಗೇರಿತು.

ಅದೇ ಹೊತ್ತಿಗೆ ಕೆಂಪಣ್ಣ ಒಳಗೆ ಬಂದರು. ನೇರವಾಗಿ ಹೋಗಿ, ನನ್ನ ಡಬ್ಬಿಗಳನ್ನೆಲ್ಲ ಬಿಟ್ಟು, ಹಕ್ಕಿಗಳಿಗೆಂದು ತಂದಿದ್ದ ನವಣೆಯ ಚೀಲಕ್ಕೆ ಕೈ ಹಾಕಿದರು. ಹೊರಗೆ ತೆಗೆದ ಕೈಗೆ ನೂಲು ಅಂಟಿತ್ತು.

"ಇಲ್ಲೈತೆ ನೋಡು ಬೇರು. ಈ ಚೀಲದಿಂದ ಎಲ್ಲಾ ಕಡಿಕೂ ಅಬ್ಬೈತೆ. ಎಲ್ಲಾನೂ ಆಚಿಕಾಕು. ತೊಳಿ, ಒರಸು. ಆದ್ರೆ ಔಸ್ದಿ ಗಿಸ್ದಿ ವಡುದ್ಗಿಡುದೀಯೆ, ಜ್ವಾಕೆ! ಅಕ್ಕಿ ಇರೋ ಮನೆ ಕಣವ್ವ ಇದು."

ಅವರ ಬಾಯಲ್ಲಿ ಹಕ್ಕಿಯೂ ಅಕ್ಕಿಯೇ, ಅಕ್ಕಿಯೂ ಅಕ್ಕಿಯೇ.

ನನಗೆ ಸ್ಕೂಲಿನ ಬಸ್ಸಿಗೆ ಹೊತ್ತಾಗಿತ್ತು. ಗಂಡ ತಿಂಡಿ ಬಿಟ್ಟು ಹೋಗಿದ್ದ. ಈ ಮನುಷ್ಯ ನನ್ನ ಅಡುಗೆಮನೆಯ ನಡುವೆ ನಿಂತು ನನ್ನ ಮೇಲೇ ಕಿರುಚುತ್ತಿದ್ದಾರೆ. "ಕೆಂಪಣ್ಣ, ನಾನು ಸೈನ್ಸ್ ಟೀಚರ್. ಹುಳದ ಜೀವನಚಕ್ರ ಮಕ್ಕಳಿಗೆ ಪಾಠ ಮಾಡ್ತೀನಿ. ನಿಮ್ಮ ಗೋಡೌನ್ ವಿದ್ಯೆ ನನಗೆ ಬೇಡ. ಇನ್ನೊಂದು ಸಲ ನನ್ನ ಅಡುಗೆಮನೆಗೆ ಕಾಲಿಡಬೇಡಿ," ಎಂದೆ.

ಅವರು ನನ್ನ ಮುಖ ನೋಡಿದರು. ಅಂಗೈಯ ನವಣೆಯನ್ನು ಚೀಲಕ್ಕೆ ಹಾಕಿ, ಪಂಚೆಗೆ ಕೈ ಒರೆಸಿಕೊಂಡು ಹೊರಟುಹೋದರು. ಗೆದ್ದೆ ಅಂದುಕೊಂಡೆ.

ಅವತ್ತು ಸಂಜೆ ಬಸ್ ಇಳಿದು ಅಂಗಡಿಗೆ ಹೋಗಿ ಹುಳಕ್ಕೆ ಹೊಡೆಯುವ ಸ್ಪ್ರೇ ಕೇಳಿದೆ. "ಹಕ್ಕಿಗೆ ಏನೂ ಆಗಲ್ಲ ತಾನೆ?" ಎಂದೂ ಕೇಳಿದೆ. ಅಂಗಡಿಯವನು ಬೇರೆ ಗಿರಾಕಿಗೆ ಸಕ್ಕರೆ ಕಟ್ಟುತ್ತಾ, "ಅಕ್ಕಿಗೆ ಏನೂ ಆಗಲ್ಲ ಮೇಡಂ, ಧೈರ್ಯವಾಗಿ ತಗೊಂಡೋಗಿ" ಎಂದ.

ಮಾರನೆಯ ಬೆಳಿಗ್ಗೆ ಪಂಜರವನ್ನು ಅತ್ತೆಯ ಕೋಣೆಗೆ ಸಾಗಿಸಿ, ಯಾಕೆಂದು ಹೇಳದೆ ಅತ್ತೆಯನ್ನೂ ಅಲ್ಲೇ ಕೂರಿಸಿ ಬಾಗಿಲು ಹಾಕಿದೆ. ಅಡುಗೆಮನೆಯ ಪ್ರತಿ ಗೂಡಿಗೂ, ಸೂರಿನ ಮೂಲೆಗೂ ಡಬ್ಬ ಖಾಲಿಯಾಗುವವರೆಗೆ ಹೊಡೆದೆ. ಚಿಟ್ಟೆಗಳು ತಪತಪನೆ ಉದುರಿದವು. ಅದನ್ನು ನೋಡಿ ಸಂತೋಷಪಟ್ಟೆ. ಸಂತೋಷಪಟ್ಟೆ ಎಂದು ಬರೆಯಲು ಈಗಲೂ ನನ್ನ ಮೇಲೆ ನನಗೇ ಅಸಹ್ಯ. ಕಿಟಕಿ ಮುಚ್ಚಿ ಬಸ್ ಹತ್ತಿದೆ.

ಸಂಜೆ ಗೇಟು ತೆಗೆದಾಗ ಯಾರೂ ಕೂಗಲಿಲ್ಲ.

ಅತ್ತೆ ಪಂಜರಕ್ಕೆ ಒರಗಿ ಕೂತಿದ್ದರು. ಕೆಮ್ಮುತ್ತಿದ್ದರು. ಪಂಜರದ ಬಾಗಿಲು ತೆಗೆದು ತಡವಿ ತಡವಿ ಎರಡು ಹಕ್ಕಿಗಳನ್ನು ಸೆರಗಿನಲ್ಲಿ ಮಡಗಿಕೊಂಡಿದ್ದರು. ಚಾಡಿಕೋರಿ, ಮುದ್ದ. ಎರಡೂ ತಣ್ಣಗಾಗಿದ್ದವು. ಉಳಿದೆರಡು ತಳದಲ್ಲಿ ಬಾಯಿ ತೆರೆದುಕೊಂಡು, ಒಂದೊಂದು ಉಸಿರಿಗೂ ಬಾಲ ಅದುರಿಸುತ್ತಾ ಕೂತಿದ್ದವು.

"ಮದ್ಯಾನದಿಂದ ಇವು ಮಾತಾಡ್ಲಿಲ್ಲ ಮಗಾ," ಎಂದರು ಅತ್ತೆ. "ಏನ್ ವಾಸ್ನೆ ಇದು? ಯಾರ್ ಏನ್ ಮಾಡುದ್ರು?"

"ನಾನೇ ಅತ್ತೆ" ಎನ್ನಲು ನನಗೆ ಬಾಯಿ ಬರಲಿಲ್ಲ. ಕೂಗಿದ್ದು ಮಾತ್ರ ಗೊತ್ತು. ಗೋಡೆಯಾಚೆಯಿಂದ ಕೆಂಪಣ್ಣ ಓಡಿಬಂದರು. ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿದಿರಬೇಕು. ಮೊದಲು ಅತ್ತೆಯನ್ನು ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕೂರಿಸಿದರು. ಪಂಜರವನ್ನು ಎತ್ತಿಕೊಂಡು ಹೋಗಿ ತಮ್ಮ ಜಗಲಿಯಲ್ಲಿ ಗಾಳಿಗೆ ಇಟ್ಟರು. ಕಿಟಕಿಗಳನ್ನೆಲ್ಲ ತೆರೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಸೈನ್ಸು! ಇದಾ ನಿನ್ ಸೈನ್ಸು? ಉಳ ಉಸ್ರಾಡೋ ಗಾಳೀನೇ ಅಲ್ವಾ ಅಕ್ಕಿ ಉಸ್ರಾಡೋದೂ? ಬಾಗ್ಲು ಆಕುದ್ರೆ ವಾಸ್ನೆ ನಿಂತ್ಕತದಾ? ಕಣ್ ಕಾಣ್ದಿರೋ ಮುದ್ಕೀನ ಒಳ್ಗಡೆ ಕೂಡಾಕಿ ಓಗಿದ್ದೀಯಲ್ಲೇ!"

ಅವರು ನನ್ನನ್ನು ಏಕವಚನದಲ್ಲಿ ಬೈದರು. ಬೀದಿಯೆಲ್ಲ ಬಾಗಿಲಿಗೆ ಬಂದು ನೋಡಿತು. ಹಕ್ಕಿಗೆ ಏನೂ ಆಗಲ್ಲ ಎಂದು ಅಂಗಡಿಯವನು ಹೇಳಿದ್ದ ಎಂದಷ್ಟೇ ಹೇಳಿದೆ.

ಬೈದು ಮುಗಿದ ಮೇಲೆ ಖಾಲಿ ಡಬ್ಬ ಕಿತ್ತುಕೊಂಡು, ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೊರಟರು. "ಅಕ್ಕಿಗೆ ಏನೂ ಆಗಲ್ಲ ಅಂದ್ಯಂತಲ್ಲಾ?" ಎಂದು ಅಂಗಡಿಯವನ ಮುಂದೆ ಡಬ್ಬ ಕುಕ್ಕಿದರು.

"ಆಗಲ್ಲ ಯಜಮಾನ್ರೆ. ಮೂಟೆ ಪಕ್ಕ ವಡುದ್ರೂ ಏನೂ ಆಗಲ್ಲ. ನಮ್ಮನೇಲೇ ವಡೀತೀವಿ."

ಆಗ ನನಗೆ ತಿಳಿಯಿತು. ಅವನು ಹೇಳಿದ್ದು ಅನ್ನದ ಅಕ್ಕಿ. ಕೆಂಪಣ್ಣನಿಗೂ ತಿಳಿಯಿತು. ಅವರ ಸಿಟ್ಟು ಇಳಿಯಲಿಲ್ಲ, ಎರಡರಷ್ಟಾಯಿತು. "ಉಣ್ಣೋ ಅಕ್ಕಿ ಪಕ್ಕ ವಡೀತೀಯಾ? ಮಕ್ಳು ಮರಿ ಉಣ್ಣೋ ಅಕ್ಕಿಗೆ? ಓದ್ಲಾ ಇದ್ರ ಇಂದ್ಗಡೆ ಏನ್ ಬರ್ದವ್ರೆ ಅಂತ!" ಅವನು ಓದಲಿಲ್ಲ. ನಾನು ಓದಿದೆ. ಸಾಸಿವೆಯಷ್ಟು ಸಣ್ಣ ಅಕ್ಷರ. ಸಾಕುಹಕ್ಕಿಗಳನ್ನು ಹೊರಗೆ ಸಾಗಿಸಿ, ಆಹಾರ ಪದಾರ್ಥಕ್ಕೆ ತಾಗಿಸಬೇಡಿ, ಕಿಟಕಿ ತೆರೆದಿಡಿ. ಎಲ್ಲವೂ ಅಲ್ಲೇ ಇತ್ತು. ಪ್ರಶ್ನೆ ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಹೇಳುವವಳು ನಾನು.

ಮಾರನೆಯ ದಿನ ಕೆಂಪಣ್ಣ ನಮ್ಮ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡರು. ನಾನು ರಜೆ ಹಾಕಿದೆ. ಹಿಟ್ಟು, ಬೇಳೆ, ತೆರೆದಿಟ್ಟಿದ್ದ ಪದಾರ್ಥವೆಲ್ಲ ಪ್ಲಾಸ್ಟಿಕ್ ಚೀಲಗಳಿಗೆ ಹೋಗಿ, ಬಾಯಿ ಬಿಗಿದುಕೊಂಡು ಮನೆಯಿಂದಾಚೆಗೆ ಹೋಯಿತು. ಅಂಗಳದಲ್ಲಿ ಡಬ್ಬಿಗಳ ರಾಶಿ. ಮುಚ್ಚಳದ ಸುತ್ತುಗಳಲ್ಲಿ, ಹಲಗೆಯ ಸ್ಕ್ರೂ ತೂತುಗಳಲ್ಲಿ, ಕ್ಯಾಲೆಂಡರಿನ ಹಿಂದೆ ಹುಳು ಗೂಡು ಕಟ್ಟಿರುತ್ತದೆ ಎಂದು ಹೇರ್‌ಪಿನ್ನಿನಿಂದ ಕೆದಕಿಸಿದರು. ಬಿಸಿ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟೇ ಆಯುಧ. ಅವುಗಳ ವಾಸನೆಯೂ ಹಕ್ಕಿಗೆ ಆಗದೆಂದು ಬೀರುವಿನ ನುಸಿಗುಳಿಗೆಗಳನ್ನೂ ಬಿಸಾಡಿಸಿದರು. ಹಕ್ಕಿಗೆ ಹೊಸ ನವಣೆ ತಂದು ಒಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ರಬ್ಬರ್ ಮುಚ್ಚಳದ ಗಾಜಿನ ಭರಣಿಗೆ ತುಂಬಿದೆವು. ಗಂಡು ಚಿಟ್ಟೆಯನ್ನು ವಾಸನೆಯಿಂದ ಸೆಳೆಯುವ ಅಂಟುಕಾಗದವನ್ನು ಮಹೇಶ ಫೋನಿನಲ್ಲಿ ತರಿಸಿದ. ಕೆಂಪಣ್ಣ ಅದನ್ನು ಮೂಸಿ, "ಇದ್ರಾಗೆ ಇಸ ಇಲ್ಲ. ಆದ್ರೂ ಅಕ್ಕಿ ಕಾಲು ಅಂಟ್ಕಂಡಾತು" ಎಂದು ಕಪಾಟಿನ ಒಳಗೇ ನೇತುಹಾಕಿದರು.

ಹೀಗೆ ಆರೇಳು ವಾರ. ಪ್ರತಿ ದಿನ ಬರುವರು, ಬೈಯುವರು, ಅಂಟುಕಾಗದದ ಚಿಟ್ಟೆ ಎಣಿಸುವರು. ಗೊಣಗಪ್ಪ ಮತ್ತು ರಾಣಿ ಅವರ ಜಗಲಿಯಲ್ಲೇ ಚೇತರಿಸಿಕೊಂಡವು. ಅತ್ತೆ ಹಗಲೆಲ್ಲ ಅಲ್ಲೇ ಹೋಗಿ ಕೂರುತ್ತಿದ್ದರು. ನನ್ನ ಜೊತೆ ಅವರ ಮಾತು ಅಗತ್ಯವಿದ್ದಷ್ಟೇ.

ಒಂದು ಭಾನುವಾರ ಹಲಗೆ ತೊಳೆಯುತ್ತಾ ನಾನು ತಾಳ್ಮೆಗೆಟ್ಟು ಕೇಳಿಯೇಬಿಟ್ಟೆ. "ಎಲ್ಲರ ಮೇಲೂ ಯಾಕೆ ಹೀಗೆ ಹರಿಹಾಯ್ತೀರಾ ಕೆಂಪಣ್ಣ?"

ಅವರು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದರು.

"ಬೋರಯ್ಯ ಅಂತ ಇದ್ದ. ವೈದ್ಯನಾಥಪುರದೋನು. ನನ್ ಜೊತೇಲೇ ಮೂಟೆ ಒರ್ತಿದ್ದ. ಗೋಡೌನ್ನಾಗೆ ಮೂಟೆ ಮ್ಯಾಲೆ ಟಾರ್ಪಾಲ್ ಮುಚ್ಚಿ, ಒಳಗೆ ಮಾತ್ರೆ ಮಡಗ್ತಾರೆ. ಅದ್ರ ಗಾಳಿಗೆ ಉಳ ಸಾಯ್ತದೆ, ಮನ್ಸನೂ ಸಾಯ್ತಾನೆ. ವಾರ ಆದ್ಮೇಲೆ ತಗ್ದು, ಗಾಳಿ ಆಡ್ಸಿ, ಆಮೇಲೆ ಒಳೀಕೆ ಓಗ್ಬೇಕು. ಅವತ್ತು ಲಾರಿ ಬಂದ್ಬುಡ್ತು. ಸಾಹೇಬ್ರು, ನಾಕೇ ದಿನಕ್ಕೆ ತಗೀರಿ ಅಂದ್ರು. ಬೋರಯ್ಯ ಮೊದ್ಲು ನುಗ್ದ. ಸಂಜೀಕೆ ಸತ್ತ."

"ಕೇಸಾಗಲಿಲ್ವಾ?"

"ಎದೆನೋವು ಅಂತ ಬರುದ್ರು. ಟಾರ್ಪಾಲು ವಾರ ಆದ್ಮೇಲೇ ತಗ್ದಿದ್ದು ಅಂತ ಒಂದು ಕಾಗ್ದ ಮಾಡುದ್ರು." ತಮ್ಮ ಬಲಗೈಯನ್ನು ಅವರು ನೋಡಿಕೊಂಡರು. "ನಾನೂ ರುಜು ಆಕ್ದೆ ಕಣವ್ವ. ಸಾಕ್ಸಿ ಅಂತ. ಬಾಯ್ಮುಚ್ಕಂಡು ಓಗು ಅಂದ್ರು, ಓದೆ. ಆಕು ಅಂದ್ರು, ಆಕ್ದೆ. ಅವತ್ತು ಬಾಯೇ ಬರ್ಲಿಲ್ಲ. ಬಂದಿದ್ದು ಅವನ್ನ ಮಣ್ ಮಾಡಿ ಬಂದ್ಮೇಲೆ. ಆವತ್ತಿಂದ ನಿಂತಿಲ್ಲ."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹೆಸರೂ ತಿಳಿಯದ ಆ ಸಾಹೇಬನ ಮೇಲೆ, ಆ ಕಾಗದ ಬರೆದವನ ಮೇಲೆ, ರುಜು ಹಾಕಿದ ಈ ಮುದುಕನ ಮೇಲೂ. ಅದನ್ನು ಅವರಿಗೆ ಹೇಳಿಯೂಬಿಟ್ಟೆ. "ನೀವು ಹಾಕಬಾರದಾಗಿತ್ತು." ಅವರು ತಲೆಯಾಡಿಸಿ ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡರು. ಅಷ್ಟು ಮಾತು ಹೇಳುವವರಿಗಾಗಿ ಅವರು ಕಾಯುತ್ತಿದ್ದರೇನೋ ಎಂದು ನನಗೆ ಅನಿಸಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಅಂಟುಕಾಗದ ಹದಿನೈದು ದಿನ ಖಾಲಿ ಉಳಿಯಿತು. ಪಂಜರ ನಮ್ಮ ನಡುಮನೆಗೆ ಮರಳಿತು. ಅದಾದ ಮೇಲೆ ಕೆಂಪಣ್ಣನ ಉಸಿರಾಟ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವರು. ಗೋಡೌನಿನ ಧೂಳು ಕುಡಿದ ಪುಪ್ಪುಸ ಎಂದರು ಡಾಕ್ಟರು. ಮಗಳು ಬಂದು ಮಳವಳ್ಳಿಗೆ ಕರೆದುಕೊಂಡು ಹೋದಳು.

ಕಾರ್ತಿಕದಲ್ಲಿ ನಾನು ಅತ್ತೆಯನ್ನು ಕರೆದುಕೊಂಡು ನೋಡಲು ಹೋದೆ. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರು. ಮನುಷ್ಯ ಅರ್ಧವಾಗಿದ್ದರು. ಅತ್ತೆ ಕೈ ಚಾಚಿ ಅವರ ಮುಖ ತಡವಿದರು. "ಏನ್ಲಾ ಕೆಂಪ, ಬೈಯೋಕೂ ಸಕ್ತಿ ಇಲ್ವೇನ್ಲಾ?" ಎಂದರು. ಕೆಂಪಣ್ಣ ಮಾಸ್ಕಿನ ಒಳಗೇ ನಕ್ಕರು.

ಹೊರಡುವ ಮುನ್ನ ನಾನು, ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ಅವತ್ತು ನಿಮ್ಮನ್ನ ಅಡುಗೆಮನೆಯಿಂದ ಆಚೆ ಕಳಿಸಿದೆ ಕೆಂಪಣ್ಣ. ಕಳಿಸಬಾರದಾಗಿತ್ತು."

ಅವರು ಮಾಸ್ಕನ್ನು ಪಕ್ಕಕ್ಕೆ ಸರಿಸಿದರು. ಪ್ರತಿ ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು.

"ನೀ ಕಳ್ಸಿದ್ದು ತಪ್ಪಲ್ಲ ಕಣವ್ವ. ನಾ ಓದ್ನಲ್ಲ, ಅದು ತಪ್ಪು. ಓಗು ಅಂದೆ, ಗೋಡೌನ್ನಿಂದ ಓದಂಗೇ ತಿರ್ಗಾ ಓದೆ. ನಿಂತ್ಕಬೇಕಾಗಿತ್ತು."

ಮಗಳು ಗದರಿ ಮಾಸ್ಕನ್ನು ಸರಿಯಾಗಿ ಕೂರಿಸಿದಳು. ಅವರು ಕಣ್ಣು ಮುಚ್ಚಿಕೊಂಡರು. ಅದು ನನ್ನ ತಪ್ಪು, ನಿಮ್ಮದಲ್ಲ ಎಂದು ಹೇಳಬೇಕೆಂದು ನಾನು ಮಂಚದ ಪಕ್ಕ ಬಹಳ ಹೊತ್ತು ನಿಂತೆ. ಅವರು ಕಣ್ಣು ತೆರೆಯಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಎಂದು ಅತ್ತೆ ಕೈ ಎಳೆದರು. ಎಂಟು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಆ ಎರಡು ಹಕ್ಕಿಗಳನ್ನು ಕೊಂದವಳು ನಾನು. ಅದನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಂಡು ಹೋದರಲ್ಲ ಎಂದು ಕೆಂಪಣ್ಣನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.