ಎಂಟನೆಯ ಹಗ್ಗ

ಮರ್ಡೊ ತನ್ನ ಹೆಸರನ್ನು ಗಂಡುಮಗುವಿಗೆಂದು ತೆಗೆದಿಟ್ಟಿದ್ದ. ಹುಟ್ಟಿದ್ದು ಹೆಣ್ಣು. ನಮ್ಮ ಲೂಯಿಸ್ ದ್ವೀಪದಲ್ಲಿ ಅದಕ್ಕೂ ದಾರಿಯಿದೆ. ಅಪ್ಪನ ಹೆಸರಿಗೆ ಒಂದು ಬಾಲ ಅಂಟಿಸಿ ಮಗಳಿಗೆ ಇಟ್ಟುಬಿಡುತ್ತೇವೆ. ಹಾಗೆ ಅವಳು ಮರ್ಡಿನಾ ಆದಳು. ಆಮೇಲೆ ತಮ್ಮ ಕೆನೆತ್ ಹುಟ್ಟಿದ, ಓದಿದ, ಕಡಲಾಚೆ ಅಬರ್ಡೀನಿಗೆ ಹೋಗಿ ತೈಲದ ಕಂಪನಿ ಸೇರಿದ. ಅಪ್ಪನಿಗೆ ಲಕ್ವ ಹೊಡೆದಾಗ ಪೇಟೆಯ ಶಾಲೆಯ ಕೆಲಸ ಬಿಟ್ಟು ಬಂದವಳು ಇವಳು. ನಾನು ಪಕ್ಕದ ಮನೆಯವಳು, ಎಲ್ಲ ಕಂಡವಳು. ಮುದುಕನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ ಅವಳ ಸೊಂಟ ಬಿದ್ದುಹೋಯಿತು. ಕೆನೆತ್ ಹೊಸವರ್ಷಕ್ಕೆ ಫೋನ್ ಮಾಡುತ್ತಿದ್ದ.

ಸಾಯುವ ಮುಂಚೆ ಮರ್ಡೊ ನನ್ನೆದುರಿಗೇ ಹೇಳಿದ್ದ, "ಗುಂಡಿಗಿಳಿಸುವಾಗ ನನ್ನ ತಲೆ ಕಡೆ ಹಗ್ಗ ಇವಳೇ ಹಿಡೀಲಿ."

ನಮ್ಮಲ್ಲಿ ಶವಪೆಟ್ಟಿಗೆಯನ್ನು ಎಂಟು ಹಗ್ಗ ಹಿಡಿದು ಇಳಿಸುತ್ತಾರೆ. ತಲೆಯ ಕಡೆಯದು ತೀರ ಹತ್ತಿರದವರಿಗೆ, ಉಳಿದವು ನೆಂಟರಿಗೆ. ಎಂಟೂ ಗಂಡಸರಿಗೆ. ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ, ಮನೆಯಲ್ಲಿ ಸೂಪು ಕಾಯಿಸುತ್ತಾರೆ. ಈಚೆಗೆ ಅಲ್ಲಲ್ಲಿ ಹೋಗುತ್ತಾರಂತೆ. ನಮ್ಮೂರಿನ ಕಡೆ ಆ ಗಾಳಿ ಇನ್ನೂ ಬೀಸಿಲ್ಲ, ಬೇರೆ ಗಾಳಿಗೇನೂ ಬರವಿಲ್ಲ.

ಮಣ್ಣು ಮಾಡುವ ದಿನ ಬೆಳಿಗ್ಗೆ ಮರ್ಡಿನಾ, ಸಾವಿಗೆಂದು ಬಂದಿದ್ದ ಕೆನೆತ್‌ನನ್ನು ಅಡಿಗೆಮನೆಗೆ ಕರೆದು ಕೇಳಿದಳು.

"ನನ್ನ ಅಭ್ಯಂತರ ಏನೂ ಇಲ್ಲ ಅಕ್ಕ," ಎಂದ. "ನನಗೂ ಇಬ್ರು ಹೆಣ್ಣುಮಕ್ಕಳಿದಾರೆ. ಆದ್ರೆ ಊರಿನ ಹಿರಿಯರು ಬೇಜಾರು ಮಾಡ್ಕೋತಾರೆ. ಇವತ್ತೊಂದಿನ ಗಲಾಟೆ ಬೇಡ."

"ಗಲಾಟೆ ಯಾರು ಮಾಡಿದ್ರೋ? ಅಪ್ಪ ಹೇಳಿದ್ದು ಮಾಡ್ತೀನಿ ಅಂದೆ, ಅಷ್ಟೇ."

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅವನ ಹೆಂಡತಿ ಶೋನಾ ಬಾಯಿ ಹಾಕಿದಳು. ಅವಳು ಅಬರ್ಡೀನಿನಲ್ಲಿ ಹೆಸರಾದ ವಕೀಲೆ. "ಈಗಿನ ಕಾಲದಲ್ಲಿ ಹೆಂಗಸರಿಗೆ ಏನು ಕಡಿಮೆಯಾಗಿದೆ ಅತ್ತಿಗೆ? ಓಟಿದೆ, ಸಂಬಳ ಇದೆ, ದೇಶ ಆಳಿದ್ದೂ ಆಯ್ತು. ಒಂದು ಹಗ್ಗಕ್ಕೋಸ್ಕರ ಸ್ತ್ರೀವಾದ ಯಾಕೆ?"

"ಒಂದು ಹಗ್ಗ ತಾನೆ? ಕೊಟ್ಬಿಡಿ ಹಾಗಾದ್ರೆ," ಎಂದಳು ಮರ್ಡಿನಾ.

ಶೋನಾ ಇನ್ನೊಂದು ಬ್ರೆಡ್ಡು ತೆಗೆದುಕೊಂಡಳು.

ಅಷ್ಟರಲ್ಲಿ ಸುದ್ದಿ ಬಂತು. ಗಾಳಿಗೆ ಹಡಗು ನಿಂತಿದೆ, ಗ್ಲಾಸ್ಗೋದಿಂದ ಬರಬೇಕಾಗಿದ್ದ ಮರ್ಡೊನ ಸೋದರಳಿಯ ಬರಲಾರ. ಎಂಟನೆಯ ಹಗ್ಗಕ್ಕೆ ಆಳಿಲ್ಲ. ಮರ್ಡಿನಾ ಏಪ್ರನ್ ಬಿಚ್ಚಿ, ಕಪ್ಪು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ತಲೆಯ ಕಡೆಯದು ಬೇಡ, ಕಾಲ ಕಡೆಯದಾದರೂ ಸಾಕೆಂದು ಅವಳ ಮುಖವೇ ಹೇಳುತ್ತಿತ್ತು. ಕೆನೆತ್ ಅವಳನ್ನು ನೋಡಿದ. ಆಮೇಲೆ ಅವಳ ಭುಜದಾಚೆ ಕಣ್ಣು ಹಾಯಿಸಿ ತನ್ನ ದೊಡ್ಡ ಮಗಳ ಗೆಳೆಯನನ್ನು ಕರೆದ. ಲಂಡನ್ನಿನವನು, ಹಿಂದಿನ ದಿನವಷ್ಟೇ ಬಂದವನು, ಮುದುಕನ ಮುಖ ಕಂಡವನಲ್ಲ. ಯಾರದೋ ಕಪ್ಪು ಟೈ ಕಟ್ಟಿಕೊಂಡು ಹೊರಟ.

ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ಅಪ್ಪ ಕೊಟ್ಟದ್ದನ್ನು ತಮ್ಮ ಕೊಡಲಿಲ್ಲ. ಗಂಡಸರು ಪೆಟ್ಟಿಗೆ ಹೊತ್ತು ರಸ್ತೆಯ ತಿರುವು ದಾಟುವವರೆಗೆ ನಾವು ಹೆಂಗಸರು ಕಿಟಕಿಯಲ್ಲಿ ನಿಂತು ನೋಡಿದೆವು. ಮರ್ಡಿನಾ ಕೋಟನ್ನು ಗೂಟಕ್ಕೆ ನೇತುಹಾಕಿ ಸೂಪು ಕದಡಲು ಹೋದಳು.

ಗಂಡಸರು ಬೂಟಿನ ತುಂಬ ಕಡಲದಂಡೆಯ ಸ್ಮಶಾನದ ಮರಳು ಮೆತ್ತಿಕೊಂಡು ಬಂದರು. ಲಂಡನ್ನಿನವನು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ.

"ಎಂಥ ಚೆಂದದ ಪದ್ಧತಿ ನಿಮ್ಮದು, ಆಂಟಿ. ಭಾರ ತಡೀತೀನೋ ಇಲ್ವೋ ಅಂತ ಹೆದರಿದ್ದೆ. ಇಲ್ಲ, ತುಂಬಾ ಹಗುರವಾಗಿದ್ರು."

"ಗೊತ್ತು," ಎಂದಳು ಮರ್ಡಿನಾ. "ದಿನಾ ನಾನೇ ಎತ್ತುತ್ತಿದ್ದೆ. ಉಪ್ಪು ಸಾಕಾ ನೋಡಿ."