ಎರಡು ಕಡೆಯಿಂದ ಹರಿದ ಕಪಿಲೆ

ಅದೊಂದು ಭಾನುವಾರ. ಸಂಪಿನ ಮೋಟರು ನೀರು ಎತ್ತುತ್ತಿಲ್ಲ ಎಂದು ಫೋನು ಮಾಡಿದ್ದಕ್ಕೆ ನನ್ನ ತಮ್ಮ ಶಿವು ನರಸೀಪುರದಿಂದ ಬೈಕಿನಲ್ಲಿ ನಂಜನಗೂಡಿಗೆ ಬಂದಿದ್ದ. ಮೋಟರು ರಿಪೇರಿ ಅವನ ಕಸುಬು. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ ಇಟ್ಟುಕೊಂಡು ಅವ್ವನ ಜೊತೆ ಅಲ್ಲೇ ಇದ್ದ. ಮೋಟರು ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಹಾಲಿನ ಕವರಿನ ಚೂರೊಂದನ್ನು ಎಳೆದು ನನ್ನ ಅಂಗೈಗೆ ಹಾಕಿದ.

"ತಗೋ. ಇದುನ್ನ ತೆಗಿಯಕ್ಕೆ ನಿಮ್ಮನೆ ಎಂಜಿನಿಯರ್ ಸಾಹೇಬ್ರ ಕೈಲಿ ಆಗ್ನಿಲ್ವಾ?"

ಎಂಜಿನಿಯರ್ ಸಾಹೇಬರು ಅಂದರೆ ನನ್ನ ಗಂಡ. ಇಲ್ಲಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಾರೆ. ಭಾವನನ್ನು ಕೆಣಕದೆ ಶಿವುಗೆ ಊಟ ಸೇರುತ್ತಿರಲಿಲ್ಲ.

ಮುದ್ದೆ, ಅವರೆಕಾಳು ಸಾರು ಉಂಡು ಜಗಲಿಯಲ್ಲಿ ಕುಳಿತು ನನ್ನ ಫೋನಿಗೆ ಒಂದು ಗೇಮ್ ಹಾಕಿಕೊಟ್ಟ. ಅದರಲ್ಲಿ ಮರ, ಮೋಡ, ಹಸು ಎಲ್ಲವೂ ಚೌಕ ಚೌಕ. ಮಣ್ಣು ಅಗೆಯಬಹುದು, ಕಲ್ಲು ಕಡಿಯಬಹುದು, ಕಡಿದ ಕಲ್ಲನ್ನು ಒಂದರ ಮೇಲೊಂದು ಇಟ್ಟು ಬೇಕಾದ್ದು ಕಟ್ಟಬಹುದು. ಗೆಲ್ಲಬೇಕು, ಸೋಲಬೇಕು ಎಂಬುದಿಲ್ಲ. ಅಂಗಡಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಅದರೊಳಗೆ ನರಸೀಪುರವನ್ನು ಕಟ್ಟುತ್ತಿದ್ದ. ಸಂಗಮದ ಮೆಟ್ಟಿಲು ಆಗಿತ್ತು. ಸೇತುವೆ ಆಗಿತ್ತು. ನಮ್ಮ ತವರುಮನೆಯೂ ಇತ್ತು, ಹಿತ್ತಲಲ್ಲಿ ಒಗೆಯುವ ಕಲ್ಲಿನ ಸಮೇತ.

"ನೀನು ನಂಜನಗೂಡು ಕಟ್ಟಕ್ಕ. ಆಮೇಕೆ ಮಧ್ಯಕ್ಕೆ ಕಪಿಲೆ ತೋಡಿ ಸೇರಿಸ್ಬುಡನ."

"ನಂಗೆ ಬ್ಲೌಸ್ ಒಲಿಯಕ್ಕೇ ಪುರ್ಸೊತ್ತಿಲ್ಲ ಕಣೋ."

"ಸೀರಿಯಲ್ ನೋಡದ್ ಬುಡು. ಪುರ್ಸೊತ್ತು ತಾನೇ ಬತ್ತದೆ."

ಹಾಗೆ ಹೇಳುತ್ತಲೇ ಬಾಳೆಹಣ್ಣು ಕಚ್ಚಿದ. ಉಳಿದ ಅರ್ಧ ಹಣ್ಣಿನ ಮೇಲೆ ರಕ್ತ ಕಂಡಿತು. ಒಸಡಿನದು. "ಬ್ರಷ್ಷು ತಗುಲಿರ್ಬೇಕು" ಎಂದು ಬಾಯಿ ಮುಕ್ಕಳಿಸಿದ. ಮೊಣಕಾಲ ಕೆಳಗೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು. ಕೇಳಿದ್ದಕ್ಕೆ, ಮೋಟರು ಎತ್ತುವಾಗ ತಾಗಿದ್ದು ಅಂದ. ಸಂಜೆ ಹೊರಟ. ತಿರುವಿನಲ್ಲಿ ಯಾವತ್ತಿನಂತೆ ಹಾರ್ನ್ ಮಾಡಿದ.

ಮತ್ತೆ ಅವನು ನಮ್ಮ ಮನೆಗೆ ಬರಲಿಲ್ಲ.

ಅದೇ ವಾರ ಅಂಗಡಿಯಲ್ಲಿ ಮೂಗಿನಿಂದ ರಕ್ತ ಸುರಿದು ನಿಲ್ಲಲಿಲ್ಲ. ಅಲ್ಲಿಯ ಡಾಕ್ಟರು ಬ್ಲಡ್ ಟೆಸ್ಟ್ ನೋಡಿ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಸೊಂಟದ ಮೂಳೆಯಿಂದ ತೆಗೆದು ಬೋನ್ ಮ್ಯಾರೋ ಟೆಸ್ಟ್ ಮಾಡಿದರು. ಅಪ್ಲಾಸ್ಟಿಕ್ ಅನೀಮಿಯಾ ಅಂದರು. ನಾವು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಕೆಲಸ ನಿಲ್ಲಿಸಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

"ಚೆನ್ನಾಗಿ ಉಣ್ಣಿಕ್ಕುದ್ರೆ ರಕ್ತ ಆಗಕ್ಕಿಲ್ವಾ ಸಾ?" ಅವ್ವ ಕೇಳಿದಳು.

"ಊಟದಿಂದ ಆಗೋದಲ್ಲ ಅಮ್ಮ. ಒಡಹುಟ್ಟಿದವರ ಮ್ಯಾರೋ ಹೊಂದಿದರೆ ಒಂದು ದಾರಿ ಇದೆ."

ಅವನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ರಿಪೋರ್ಟ್ ಬರುವವರೆಗೆ ನಾನು ಹೊಲಿದ ಬ್ಲೌಸುಗಳೆಲ್ಲ ಕೆಟ್ಟವು. ಎಲ್ಲರೂ ನಮ್ಮಿಬ್ಬರನ್ನು ಒಂದೇ ಅಚ್ಚು ಅನ್ನುತ್ತಿದ್ದರು. ಅದೇ ಮೂಗು, ಅದೇ ಹಣೆ. ಆ ಮಾತನ್ನೇ ನಂಬಿಕೊಂಡು ಕುಳಿತಿದ್ದೆ.

ಹೊಂದಲಿಲ್ಲ.

ಬೇರೆ ಯಾರದ್ದಾದರೂ ಹೊಂದುತ್ತದೆಯೋ ಎಂದು ಹುಡುಕಲು ಹೆಸರು ಬರೆಸಿದರು. ಅಲ್ಲಿಯವರೆಗೆ ಇಂಜೆಕ್ಷನ್, ಮಾತ್ರೆ, ಆಗಾಗ ಪ್ಲೇಟ್‌ಲೆಟ್. ಇನ್ಫೆಕ್ಷನ್ ಆಗದಂತೆ ನೋಡಿಕೊಳ್ಳುವುದೇ ಮುಖ್ಯ ಅಂದರು. ಜೊತೆಗೆ ಒಬ್ಬರೇ ಇರಬೇಕು. ಹೂವು ಬೇಡ, ಹಸಿ ಹಣ್ಣು ತರಕಾರಿ ಬೇಡ. ಅವ್ವ ಅವನ ಹಣೆಗೆ ಇಡಲು ತಂದಿದ್ದ ವಿಭೂತಿ ಗಟ್ಟಿಯನ್ನೂ ನರ್ಸು ಬೇಡವೆಂದು ಹಿಂದಕ್ಕೆ ಕೊಟ್ಟರು. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ನನ್ನ ಮನೆಗೆ ಅಳತೆ ಕೊಡುವವರು, ಬಟ್ಟೆ ಒಯ್ಯುವವರು ಬಂದು ಹೋಗುತ್ತಲೇ ಇರುತ್ತಾರೆ. ಒಬ್ಬರಿಗೆ ಕೆಮ್ಮು, ಒಬ್ಬರಿಗೆ ನೆಗಡಿ. ಹಾಗಾಗಿ ನಾನು ದೂರ ಇರುವುದೇ ಅವನಿಗೆ ಮಾಡುವ ಉಪಕಾರ ಎಂದಾಯಿತು. ರಕ್ತ ಕೊಡುವವರನ್ನು ಹುಡುಕಿ ಮೈಸೂರಿನ ಬಸ್ಸು ಹತ್ತಿಸುತ್ತಿದ್ದೆ. ಅವ್ವನಿಗೆ ಊಟ ಕಟ್ಟಿ ಗಂಡನ ಕೈಲಿ ಕಳಿಸುತ್ತಿದ್ದೆ. ಅವನನ್ನು ಮುಟ್ಟುವ ಕೆಲಸ ಯಾವುದೂ ನನಗೆ ಸಿಗಲಿಲ್ಲ.

ಒಂದು ಸಂಜೆ ಫೋನು ಬಂತು.

"ಅಕ್ಕ, ಬಾಗ್ಲು ತೆಗ್ದಿವ್ನಿ. ಬಾ."

ಮೊದಲು ಅರ್ಥವಾಗಲಿಲ್ಲ. ಆ ಗೇಮಿನಲ್ಲಿ ನಮ್ಮ ಲೋಕ ಇದ್ದದ್ದು ಅವನ ಫೋನಿನಲ್ಲಿ. ಅವನು ತೆರೆದರೆ ಮಾತ್ರ ನಾನು ನನ್ನ ಫೋನಿನಿಂದ ಒಳಗೆ ಹೋಗಬಹುದು. ಅಂದಿನಿಂದ ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚುವ ಹೊತ್ತಿಗೆ ಆ ಕರೆ ಬರುತ್ತಿತ್ತು. ಬೇರೆ ಮಾತಿಲ್ಲ. ಬಾಗ್ಲು ತೆಗ್ದಿವ್ನಿ, ಬಾ. ಒಳಗೆ ಹೋದರೆ ನೀಲಿ ಅಂಗಿಯ ಚೌಕ ಗೊಂಬೆಯೊಂದು ನಿಂತಿರುತ್ತಿತ್ತು. ಅದು ಅವನು. ನನ್ನದು ಹಸಿರು ಅಂಗಿ. ಅವನೇ ಆರಿಸಿದ್ದು.

ನಾನು ನಂಜನಗೂಡಿನ ಕಡೆಯಿಂದ ನದಿ ತೋಡಿದೆ. ಅವನು ನರಸೀಪುರದ ಕಡೆಯಿಂದ ತೋಡುತ್ತಾ ಬಂದ. ಅಲ್ಲಿ ನೀರು ಸುರಿದರೆ ಸ್ವಲ್ಪ ದೂರ ಹರಿದು ನಿಂತುಬಿಡುತ್ತದೆ. ನೆಲವನ್ನು ಒಂದು ಮೆಟ್ಟಿಲು ತಗ್ಗಿಸಿದರೆ ಮತ್ತೆ ಅಷ್ಟು ದೂರ ಹರಿಯುತ್ತದೆ. ನಿಂತಲ್ಲೆಲ್ಲ ತಗ್ಗಿಸುತ್ತಾ ನಾನು ಅವನ ಕಡೆಗೆ ನೀರು ಹರಿಸಿದೆ. ಅವನು ಎಷ್ಟು ದೂರ ಬಂದಿದ್ದಾನೆ ಎಂದು ನೋಡುತ್ತಿದ್ದೆನೇ ಹೊರತು ನೀರು ಯಾವ ಕಡೆ ಹೋಗುತ್ತಿದೆ ಎಂದು ನೋಡಲಿಲ್ಲ.

ಎರಡೂ ತುದಿಗಳು ಹತ್ತಿರವಾದ ದಿನ ಗೊತ್ತಾಯಿತು. ಅವನೂ ನನ್ನ ಕಡೆಗೇ ನೀರು ಹರಿಸಿಕೊಂಡು ಬಂದಿದ್ದ. ಇಬ್ಬರು ಕಪಿಲೆಯರೂ ಮಧ್ಯದ ಒಂದು ಗುಂಡಿಗೆ ಬಿದ್ದರು.

ಅವ್ವ ಹಾಸಿಗೆಯ ಪಕ್ಕ ಕುಳಿತು ಅವನ ಫೋನನ್ನು ಇಣುಕಿದ್ದಾಳೆ. ಕರೆ ಇನ್ನೂ ಕಟ್ ಆಗಿರಲಿಲ್ಲ, ಅವಳ ಮಾತು ನನಗೆ ಇಲ್ಲಿಂದಲೇ ಕೇಳಿಸಿತು.

"ಅದೇನ್ಲಾ ಅದು, ನರ್ಸೀಪುರದಿಂದ ನಂಜನಗೂಡ್ಗೆ ಒಳೆ ಅರಿತದಾ? ನಿಮ್ಮಿಬ್ರುಗೂ ತಲೆ ನೆಟ್ಗದಾ?"

"ನೀರ್ನ ಮೇಲಕ್ಕೆ ಎತ್ತೋದೇ ನನ್ ಕಸುಬು ಕಣವ್ವ. ಅಬ್ಯಾಸ," ಅಂದ ಶಿವು.

ಅವ್ವ ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ಪಕ್ಕದ ಹಾಸಿಗೆಯವರೂ ಏನೆಂದು ಕೇಳಿದರಂತೆ.

ತಪ್ಪು ಅವನ ಕಡೆಯದು. ಸಂಗಮದವರೆಗೂ ನೆಲವನ್ನು ಮತ್ತಷ್ಟು ಆಳಕ್ಕೆ ತೋಡಬೇಕು. ನಾನು ಕೈ ಹಾಕಲು ಹೋದರೆ ಅಡ್ಡ ಬಂದು ನಿಂತ. "ನನ್ ಕಡೇದ ನಾನೇ ತೋಡ್ತೀನಿ. ನೀನು ದಡದ ಮೇಲೆ ದೀಪ ಇಕ್ಕೊಂಡ್ ಬಾ." ನಾನು ದೀಪ ಇಡುತ್ತಾ ಅವನ ಪಕ್ಕದಲ್ಲೇ ನಡೆದೆ.

ಬಲಗೈಗೆ ಸೂಜಿ ಚುಚ್ಚಿರುತ್ತಿದ್ದರು. ಎಡಗೈ ಬೆರಳಿನಲ್ಲೇ ಅಗೆಯುತ್ತಿದ್ದ. ಒಮ್ಮೊಮ್ಮೆ ಅವನ ಗೊಂಬೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ವಾಂತಿ ಬಂದಿರಬೇಕು, ಇಲ್ಲವೇ ನರ್ಸು ಬಂದಿರಬೇಕು. ನಾನು ಕರೆಯುತ್ತಿರಲಿಲ್ಲ. ಅದು ಮತ್ತೆ ಅಲುಗಾಡುವವರೆಗೆ ನೋಡುತ್ತಿದ್ದೆ. ಕಾಯಿಲೆಯವರ ಮುಖ ನೋಡಿ ಜನ ಹೇಗಿದ್ದಾರೆಂದು ತಿಳಿದುಕೊಳ್ಳುತ್ತಾರೆ. ನನಗೆ ಮುಖ ಕಾಣುತ್ತಿರಲಿಲ್ಲ. ಗೊಂಬೆ ಎಷ್ಟು ಹೊತ್ತು ನಿಂತಿತು, ಎಷ್ಟು ಅಗೆಯಿತು ಎಂಬುದರಲ್ಲೇ ಅವನ ದಿನ ಹೇಗಿತ್ತೆಂದು ಊಹಿಸುವುದನ್ನು ಕಲಿತೆ.

ನಡುವೆ ಕೆಲವು ವಾರ ಅವನನ್ನು ಮನೆಗೆ ಕಳಿಸಿದ್ದರು. ತಡೆಯಲಾರದೆ ನರಸೀಪುರಕ್ಕೆ ಹೋದೆ. ಮಾಸ್ಕ್ ಹಾಕಿಕೊಂಡು ಹೊರಗಿನ ಜಗಲಿಯಲ್ಲೇ ಕುಳಿತೆ. ಅವನು ಕಿಟಕಿಯ ಆಚೆ ಮಂಚದ ಮೇಲಿದ್ದ. ಕೂದಲು ತೆಗೆಸಿದ್ದ. ಕಿವಿಗಳು ದೊಡ್ಡವಾಗಿ ಕಂಡವು. ಅವನು ಫೋನು ಎತ್ತಿ ತೋರಿಸಿದ.

"ಬಾಗ್ಲು ತೆಗ್ದಿವ್ನಿ. ಬಾ."

ಗೋಡೆಯ ಆಚೆ ಅವನು, ಈಚೆ ನಾನು. ಆಟದೊಳಗೆ ಅಕ್ಕಪಕ್ಕ ನಿಂತು ಅಗೆದೆವು. ನನ್ನ ದೀಪ ಮುಗಿದಾಗ ಅವನ ಗೊಂಬೆ ತನ್ನ ಬಳಿಯಿದ್ದ ದೀಪಗಳನ್ನು ನನ್ನ ಮುಂದೆ ಹಾಕಿತು. ಬಗ್ಗಿ ತೆಗೆದುಕೊಳ್ಳುವಷ್ಟು ಹತ್ತಿರ.

"ಇನ್ನ ಎಷ್ಟದೆ?" ಎಂದು ಕೇಳಿದೆ.

"ಸೇತುವೆ ಕಾಣಸ್ತದಲ್ಲ. ಇನ್ನೇನು ಬಂತು."

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಕಿಟಕಿಯ ಸರಳಿನ ಮೇಲೆ ಕೈಯಿಟ್ಟೆ. ಅವನು ಮುಟ್ಟಲು ಬಂದು, ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

ಅವನಿಗೆ ಜ್ವರ ಬಂತು. ಮೈಸೂರಿಗೆ ಒಯ್ದರು. ಇನ್ಫೆಕ್ಷನ್ ಎದೆಗೆ ಇಳಿದಿದೆ ಅಂದರು. ಸಂಜೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ ಕಾದೆ. ಫೋನು ಬರಲಿಲ್ಲ. ಐಸಿಯುನಲ್ಲಿ ಫೋನು ಬಿಡುವುದಿಲ್ಲ ಎಂದು ಅವ್ವ ಹೇಳಿದಳು. ಹೊಂದುವವರು ಯಾರೂ ಆ ಹೊತ್ತಿಗೆ ಸಿಕ್ಕಿರಲಿಲ್ಲ. ಮಾರನೆಯ ದಿನ ಡಾಕ್ಟರು ನಮ್ಮನ್ನು ಕರೆಸಿ ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಅಷ್ಟು ದಿನ ಅವ್ವನ ಹೊರತು ಯಾರನ್ನೂ ಬಿಡದವರು ಬಿಟ್ಟಾಗಲೇ ನನಗೆ ತಿಳಿಯಿತು. ಅವನ ಪಾದ ಹಿಡಿದುಕೊಂಡೆ. ತಣ್ಣಗಿತ್ತು.

ಶಿವು ಹೋದ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಗೆ ಇಳಿಯಲು ಮೆಟ್ಟಿಲು ತೆಗೆದಿದ್ದರು. ಒಂದರ ಕೆಳಗೊಂದು, ನೇರ ಅಂಚು. ಅವ್ವ ಸೆರಗಿನ ಗಂಟು ಬಿಚ್ಚಿ ಆ ವಿಭೂತಿಯನ್ನು ಅವನ ಹಣೆಗೆ ಬಳಿದಳು. ಈಗ ಬೇಡ ಅನ್ನುವವರು ಯಾರೂ ಇರಲಿಲ್ಲ. ನಾನು ಆ ಮೆಟ್ಟಿಲುಗಳನ್ನೇ ನೋಡುತ್ತಿದ್ದೆ. ಆಮೇಲೆ ಬಹಳ ದಿನ ಆ ಗೇಮನ್ನು ತೆರೆಯಲು ಆಗಲಿಲ್ಲ. ಅಲ್ಲಿ ಮಾಡುವುದೆಲ್ಲ ಮಣ್ಣು ಅಗೆಯುವ ಕೆಲಸವೇ. ತೆರೆದಿದ್ದರೂ ನನ್ನ ಫೋನಿನಲ್ಲಿ ಆ ಲೋಕ ಇರಲಿಲ್ಲ.

ಕಳೆದ ತಿಂಗಳು ಅವ್ವನನ್ನು ನೋಡಲು ಹೋಗಿದ್ದೆ. ಅವಳು ಅವನ ಫೋನಿಗೆ ದಿನಾ ಚಾರ್ಜ್ ಹಾಕುತ್ತಾಳೆ. ಲಾಕ್ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಅವನೇ ಕಲಿಸಿದ್ದ. ಮಧ್ಯಾಹ್ನ ಊಟವಾದ ಮೇಲೆ ತಾನಾಗಿಯೇ ತಂದು ಮುಂದಿಟ್ಟಳು.

"ಆ ಒಳೆ ಏನಾಯ್ತು ಮಗ್ಳೆ?"

"ಅಂಗೇ ಅದೆ."

"ನೀರು ನಿಂತ್ರೆ ಕೊಳಿತದೆ. ತೆಗಿ, ನಾನ್ ಅಗಿತೀನಿ."

ಅವನ ಫೋನಿನಲ್ಲಿ ಲೋಕ ತೆರೆದು ಅವ್ವನ ಕೈಗೆ ಕೊಟ್ಟೆ. ಬೆರಳು ಒತ್ತಿ ಹಿಡಿದರೆ ಮಣ್ಣು ಬೀಳುತ್ತದೆ ಎಂದು ತೋರಿಸಿದೆ. ನನ್ನ ಫೋನಿನಿಂದ ಒಳಗೆ ಹೋದೆ.

ನೀಲಿ ಅಂಗಿ ತೊಟ್ಟು ನಿಂತಿದ್ದ.

ಅವನು ಬಿಟ್ಟ ಜಾಗದಲ್ಲೇ, ಸೇತುವೆಯ ಕಡೆ ಮುಖ ಮಾಡಿಕೊಂಡು. ನನ್ನ ಪಕ್ಕದಲ್ಲಿ ಅವ್ವ ಕುಳಿತಿದ್ದಾಳೆ, ಒತ್ತುತ್ತಿರುವುದು ಅವಳ ಬೆರಳು, ಎಲ್ಲ ನನಗೆ ಗೊತ್ತು. ಆದರೂ ಆ ಗೊಂಬೆ ಕೈ ಎತ್ತಿದಾಗ ನನ್ನ ಕಣ್ಣು ಅದನ್ನು ಬಿಟ್ಟು ಅವ್ವನ ಕಡೆ ತಿರುಗಲಿಲ್ಲ. ಅವ್ವ ಬೇಕಾದ್ದಕ್ಕಿಂತ ಆಳಕ್ಕೆ ಅಗೆದಳು, ದಡವನ್ನೂ ಕೆಡವಿದಳು, ಒಂದು ಸಲ ಗೊಂಬೆಯನ್ನು ನೀರಿಗೇ ಬೀಳಿಸಿದಳು. "ಅಯ್ಯೋ, ನೆಗ್ಡಿ ಆಗ್ಬುಟ್ಟದು," ಅಂದಳು. ನಾನು ಮೇಲೆ ಬರುವ ದಾರಿ ತೋರಿಸಿದೆ. ಹಿಂದಿನಿಂದ ದೀಪ ಇಡುತ್ತಾ ಹೋದೆ.

ಸಂಜೆಯ ಹೊತ್ತಿಗೆ ಕೊನೆಯ ಮಣ್ಣು ಬಿತ್ತು. ನಂಜನಗೂಡಿನ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸೇತುವೆಯ ಕೆಳಗೆ ಹಾದು ಸಂಗಮ ಸೇರಿತು. ಅವ್ವ ಕಣ್ಣು ಒರೆಸಿಕೊಳ್ಳಲು ಬೆರಳು ತೆಗೆದಳು. ಗೊಂಬೆ ನಿಂತಿತು.

ಅವಳಿಗೆ ಈಗ ಊಟ ಸೇರುತ್ತಿದೆ. ನಾನೂ ಮತ್ತೆ ಹೊಲಿಯುತ್ತಿದ್ದೇನೆ, ಅಳತೆ ತಪ್ಪುತ್ತಿಲ್ಲ. ಇಷ್ಟಾದರೂ ಆಯಿತಲ್ಲ ಅನ್ನಿಸುತ್ತದೆ. ನರಸೀಪುರಕ್ಕೆ ಹೋದಾಗ ಎರಡೂ ಫೋನು ತೆರೆದು ಅವನ ನದಿಯ ದಡದಲ್ಲಿ ಸ್ವಲ್ಪ ನಡೆದು ಬರುತ್ತೇನೆ. ಕಪಿಲೆ ಸರಿಯಾದ ಕಡೆಗೇ ಹರಿಯುತ್ತಿದ್ದಾಳೆ. ಬಾಗಿಲನ್ನು ನಾವೇ ತೆಗೆದುಕೊಳ್ಳುತ್ತೇವೆ. ಬಾ ಅಕ್ಕ ಅನ್ನುವವನು ಇಲ್ಲ.